ಬೀಳಲು ಬಿಡದ ಊರು

ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ಸಿಯೆರಾ ನೆವಾಡ ಪರ್ವತಗಳ ಬೆನ್ನಿಗೆ 395ನೇ ನಂಬರಿನ ಹೆದ್ದಾರಿ ಉದ್ದಕ್ಕೂ ಹಾಸಿಕೊಂಡಿದೆ. ಬ್ರಿಜ್‌ಪೋರ್ಟ್ ಎಂಬ ಪುಟ್ಟ ಊರು ದಾಟಿ ದಕ್ಷಿಣಕ್ಕೆ ಸ್ವಲ್ಪ ದೂರ ಬಂದರೆ ಎಡಕ್ಕೊಂದು ಕವಲುದಾರಿ. 13 ಮೈಲಿಯ ಆ ದಾರಿಯಲ್ಲಿ ಮೊದಲ 10 ಮೈಲಿ ಡಾಂಬರು, ಕೊನೆಯ 3 ಮೈಲಿ ಮಣ್ಣು. ಆ ಮೂರು ಮೈಲಿಯಲ್ಲಿ ಕಾರು ಎತ್ತಿನಗಾಡಿಯ ಹಾಗೆ ಗಡಗಡ ಅಲುಗುತ್ತದೆ. ಹಿಂದೆ ದೂಳಿನ ಬಾಲ. ಆಮೇಲೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ, ಬೋಳು ಗುಡ್ಡಗಳ ಬೋಗುಣಿಯಲ್ಲಿ, ಸುಟ್ಟ ಬೆಲ್ಲದ ಬಣ್ಣದ ಮರದ ಮನೆಗಳು ಕಾಣಿಸಿಕೊಳ್ಳುತ್ತವೆ. ಒಂದೊಂದೂ ದೂರ ದೂರ. ನಡುವೆ ಬರೀ ಹುಲ್ಲು, ಸೇಜ್ ಗಿಡದ ಪೊದೆ. ಅದೇ ಬೋಡಿ.

ಊರಿರುವ ಎತ್ತರ 8,375 ಅಡಿ, ಅಂದರೆ ಸುಮಾರು 2,550 ಮೀಟರು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 600 ಮೀಟರು ಮೇಲೆ ಒಂದು ಪೇಟೆಯಿತ್ತು ಎಂದುಕೊಂಡರೆ ಅಲ್ಲಿನ ಗಾಳಿ ಎಂಥದ್ದೆಂದು ಅಂದಾಜಾದೀತು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಅಷ್ಟೇನೂ ಅಪರಿಚಿತ ದಾರಿಯಲ್ಲ. ಬೇಸಿಗೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮನನ್ನು ಯೊಸೆಮಿಟಿಗೆ ಕರೆದೊಯ್ದು, ಟಯೋಗಾ ಕಣಿವೆದಾರಿ ಹತ್ತಿಳಿದು ಮೋನೊ ಕೆರೆಯ ಕಡೆಗೆ ಬಂದರೆ ಬೋಡಿ ಹತ್ತಿರವೇ. ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗಬೇಕು ಅಷ್ಟೆ. ಒಳಗೆ ಹೋಟೆಲಿಲ್ಲ, ಕಾಫಿ ಸಿಗುವುದಿಲ್ಲ, ತಿಂಡಿಯ ಅಂಗಡಿಯಿಲ್ಲ. ಒಂದು ಕಾಲಕ್ಕೆ ಇದೇ ಬೀದಿಗಳಲ್ಲಿ ಅರವತ್ತಕ್ಕೂ ಮಿಕ್ಕಿ ಸಾರಾಯಿ ಅಂಗಡಿಗಳಿದ್ದವು ಎನ್ನುತ್ತಾರೆ.

ಬೋಡಿಯಲ್ಲಿ ಹೆಚ್ಚಿನ ಮನೆಗಳ ಬಾಗಿಲಿಗೆ ಬೀಗ. ನೋಡುವುದೆಲ್ಲ ಕಿಟಕಿಯ ಮೂಲಕ. ಎರಡೂ ಅಂಗೈಯನ್ನು ಕಣ್ಣಿನ ಪಕ್ಕಕ್ಕೆ ಮರೆಮಾಡಿಕೊಂಡು, ಮೂಗು ಗಾಜಿಗೆ ತಾಗಿಸಿ ಇಣುಕಬೇಕು. ಶಾಲೆಯ ಕಿಟಕಿಯಾಚೆ ಸಾಲು ಬೆಂಚುಗಳು, ಬಣ್ಣ ಮಾಸಿದ ಭೂಗೋಳ, ಕರಿಹಲಗೆ. ಬೂನ್ ಎಂಬಾತನ ಅಂಗಡಿಯಲ್ಲಿ ಕಪಾಟಿನ ತುಂಬ ತಗಡಿನ ಡಬ್ಬಿ, ಪೊಟ್ಟಣ, ಸೀಸೆ. ಯಾರೋ ಗಿರಾಕಿಗೆ ಸಾಮಾನು ಕಟ್ಟಿಕೊಟ್ಟು ಈಗಷ್ಟೇ ಒಳಕ್ಕೆ ಹೋದಂತಿದೆ. ವೀಟನ್ ಅಂಡ್ ಹಾಲಿಸ್ ಹೋಟೆಲಿನಲ್ಲಿ ಬಿಲಿಯರ್ಡ್ಸ್ ಮೇಜು. ಶವಾಗಾರದಲ್ಲಿ ಖಾಲಿ ಪೆಟ್ಟಿಗೆಗಳು. ಮನೆಗಳಲ್ಲಿ ಕಬ್ಬಿಣದ ಮಂಚ, ಒಲೆ, ಸುಲಿದು ಜೋತುಬಿದ್ದ ಗೋಡೆಕಾಗದ. ಎಲ್ಲದರ ಮೇಲೂ ಬೆರಳು ಇಟ್ಟರೆ ಅಚ್ಚು ಮೂಡುವಷ್ಟು ದೂಳು. ಆ ದೂಳನ್ನು ಯಾರೂ ಒರೆಸುವುದಿಲ್ಲ. ಒರೆಸಬಾರದು ಎಂಬುದೇ ಇಲ್ಲಿಯ ಪದ್ಧತಿ.

ಊರಿಗೆ ಹೆಸರು ಕೊಟ್ಟವನು ಊರನ್ನು ಕಾಣಲೇ ಇಲ್ಲ. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಿಂದ ಹೆಂಡತಿಯನ್ನು ಬಿಟ್ಟು ಬಂದ ಡಬ್ಲ್ಯೂ. ಎಸ್. ಬೋಡಿಗೆ 1859ರಲ್ಲಿ ಈ ಗುಡ್ಡಗಳ ನಡುವೆ ಚಿನ್ನದ ಸುಳಿವು ಸಿಕ್ಕಿತು. ಆಗ ಕ್ಯಾಲಿಫೋರ್ನಿಯಾದ ದೊಡ್ಡ ಗೋಲ್ಡ್ ರಶ್ ಶುರುವಾಗಿ ಹತ್ತು ವರ್ಷವಾಗಿತ್ತು. ಸಿಯೆರಾದ ಪಶ್ಚಿಮದ ಇಳಿಜಾರಿನ ಹೊಳೆಗಳಲ್ಲಿ ಸುಲಭವಾಗಿ ಸಿಗುವಷ್ಟನ್ನು ಜನ ಬಾಚಿಕೊಂಡು, ಉಳಿದವರು ಬೆಟ್ಟ ದಾಟಿ ಪೂರ್ವಕ್ಕೆ ಬರುತ್ತಿದ್ದರು. ಅದೇ ವರ್ಷ ನವೆಂಬರಿನಲ್ಲಿ ದಿನಸಿ ತರಲೆಂದು ಜೊತೆಗಾರನೊಬ್ಬನೊಂದಿಗೆ ಹೊರಟ ಬೋಡಿ ವಾಪಸು ಬರುವಾಗ ಹಿಮದ ಬಿರುಗಾಳಿಗೆ ಸಿಕ್ಕಿಕೊಂಡ. ಮಂಜು ಕರಗಿದ ಮೇಲೆ ಹೆಣ ಸಿಕ್ಕಿತು. ಸತ್ತವನ ಹೆಸರೂ ಸರಿಯಾಗಿ ಉಳಿಯಲಿಲ್ಲ. ಅವನ ಹೆಸರಿನ ಸ್ಪೆಲ್ಲಿಂಗಿಗೂ ಊರಿನ ಸ್ಪೆಲ್ಲಿಂಗಿಗೂ ಸಣ್ಣ ವ್ಯತ್ಯಾಸ. ಪಕ್ಕದ ಅರೋರಾದಲ್ಲಿ ಕುದುರೆಲಾಯಕ್ಕೆ ಬೋರ್ಡು ಬರೆದ ಪೇಂಟರೊಬ್ಬ ಮಾಡಿದ ಎಡವಟ್ಟು ಅದು ಎಂದು ಕಥೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಹಾಗಾಗಿ ನಮಗೆ ಆ ತಂಟೆಯಿಲ್ಲ.

ಮುಂದಿನ ಹದಿನೈದು ವರ್ಷ ಬೋಡಿ ಯಾರ ಕಣ್ಣಿಗೂ ಬೀಳದ ಕೊಂಪೆ. ಅತ್ತ ಅರೋರಾದಲ್ಲಿ, ಇತ್ತ ನೆವಾಡದ ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳಲ್ಲಿ ದುಡ್ಡು ಹರಿಯುತ್ತಿರುವಾಗ ಇಲ್ಲಿ ಕೆಲವರಷ್ಟೇ ಗುಡ್ಡ ಕೊರೆಯುತ್ತ ಕೂತಿದ್ದರು. 1875ರಲ್ಲಿ ಒಂದು ಗಣಿ ಕುಸಿಯಿತು. ಕುಸಿದ ಮಣ್ಣು ಅದುವರೆಗೆ ಅಡಗಿದ್ದ ಒಳ್ಳೆಯ ಅದಿರನ್ನು ಬಯಲಿಗೆ ತಂದಿತು. ವರ್ಷ ಎರಡು ವರ್ಷದಲ್ಲಿ ಆ ಗಣಿ ಸ್ಯಾನ್ ಫ್ರಾನ್ಸಿಸ್ಕೊದ ಬಂಡವಾಳಗಾರರ ಕೈಸೇರಿ ‘ಸ್ಟ್ಯಾಂಡರ್ಡ್’ ಎಂಬ ಕಂಪನಿಯಾಯಿತು. ಸುದ್ದಿ ಹಬ್ಬಿದ್ದೇ ತಡ, ಜನ ಇರುವೆಗಳಂತೆ ಬಂದರು. 1879ರ ಹೊತ್ತಿಗೆ ಎಂಟು ಹತ್ತು ಸಾವಿರ ಜನ, ಸುಮಾರು 2,000 ಕಟ್ಟಡ ಎಂಬುದು ರೂಢಿಯಲ್ಲಿರುವ ಲೆಕ್ಕ. ಒಂದು ಮೈಲಿ ಉದ್ದದ ಮುಖ್ಯಬೀದಿ, ಬ್ಯಾಂಕು, ಪತ್ರಿಕೆಗಳು, ಗಣಿ ಕಾರ್ಮಿಕರ ಸಂಘ, ಚೀನೀಯರ ಕೇರಿ, ವೇಶ್ಯೆಯರ ಓಣಿ ಎಲ್ಲವೂ ಎರಡು ಮೂರು ವರ್ಷದಲ್ಲಿ ಎದ್ದುನಿಂತವು.

ಗೋಲ್ಡ್ ರಶ್ ಎಂದ ಕೂಡಲೇ ಕಣ್ಣಮುಂದೆ ಬರುವುದು ಗಡ್ಡದ ಮುದುಕನೊಬ್ಬ ಹೊಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಣಲೆಯಲ್ಲಿ ಮರಳು ತೊಳೆಯುವ ಚಿತ್ರ. ಬೋಡಿಯಲ್ಲಿ ನಡೆದದ್ದು ಅದಲ್ಲ. ಇಲ್ಲಿಯ ಚಿನ್ನ ಇದ್ದದ್ದು ಬೆಣಚುಕಲ್ಲಿನ ಹೊಟ್ಟೆಯಲ್ಲಿ. ಅದನ್ನು ತೆಗೆಯಲು ಆಳದ ಬಾವಿ ತೋಡಬೇಕು, ಸಿಡಿಮದ್ದು ಬೇಕು, ಉಗಿಯಂತ್ರ ಬೇಕು, ಅದಕ್ಕೆಲ್ಲ ಷೇರು ಮಾರಿ ದುಡ್ಡೆತ್ತುವ ಕಂಪನಿ ಬೇಕು. ಹಾಗಾಗಿ ಬೋಡಿಗೆ ಬಂದವರಲ್ಲಿ ಬಹುಪಾಲು ಜನ ದಿನಕ್ಕೆ 4 ಡಾಲರ್ ಕೂಲಿಯ ಗಣಿ ಕೆಲಸಗಾರರು. ಚಿನ್ನವನ್ನು ಅವರು ಮುಟ್ಟಿದರು, ಕಿಸೆಗೆ ಹಾಕಿಕೊಳ್ಳಲಿಲ್ಲ.

ಊರ ಪೂರ್ವಕ್ಕೆ ಇಳಿಜಾರಿನಲ್ಲಿ ತಗಡು ಹೊದೆದ ಸ್ಟ್ಯಾಂಡರ್ಡ್ ಮಿಲ್ ಈಗಲೂ ನಿಂತಿದೆ. ಅದನ್ನು ಮಾರ್ಗದರ್ಶಕರ ಜೊತೆಗೇ ನೋಡಬೇಕು. ಅದರೊಳಗಿನ ಕೆಲಸ ಮೂಲತಃ ಒರಳು ಒನಕೆಯದು. ನೂರಾರು ಕಿಲೊ ತೂಕದ ಕಬ್ಬಿಣದ ಒನಕೆಗಳು ಸಾಲಾಗಿ ಎದ್ದು ಬಿದ್ದು ಕಲ್ಲನ್ನು ಕುಟ್ಟುತ್ತವೆ. ಪುಡಿಯಾದ ಕಲ್ಲು ನೀರಿನ ಜೊತೆ ಕೆಸರಾಗಿ ಪಾದರಸ ಸವರಿದ ತಾಮ್ರದ ಹಾಸಿನ ಮೇಲೆ ಹರಿಯುತ್ತದೆ. ಚಿನ್ನದ ಕಣ ಪಾದರಸಕ್ಕೆ ಅಂಟಿಕೊಳ್ಳುತ್ತದೆ, ಕೆಸರು ಮುಂದೆ ಹೋಗುತ್ತದೆ. ಆ ಮುದ್ದೆಯನ್ನು ಕೆರೆದು ತೆಗೆದು ಕಾಯಿಸಿದರೆ ಪಾದರಸ ಆವಿಯಾಗಿ ಹಾರಿ ಚಿನ್ನ ಉಳಿಯುತ್ತದೆ. ಇದೊಂದರಲ್ಲೇ ಇಪ್ಪತ್ತು ಒನಕೆ; ಇಂಥ ಹಲವು ಮಿಲ್ಲುಗಳು; ಹಗಲೂ ರಾತ್ರಿಯೂ ಬಿಡುವಿಲ್ಲದ ಕುಟ್ಟಾಣಿ. ಈಗ ಗಾಳಿಗೆ ತಗಡು ಪಟಪಟ ಎನ್ನುವುದೇ ದೊಡ್ಡ ಸದ್ದಾಗಿರುವ ಕಣಿವೆಯಲ್ಲಿ ಅಂದು ಪಕ್ಕದವನ ಮಾತು ಕೇಳಿಸಲು ಕೂಗಬೇಕಾಗಿತ್ತೇನೋ.

ಊರಿನ ಕುಖ್ಯಾತಿ ಮಾತ್ರ ಚಿನ್ನಕ್ಕಿಂತ ಬೇಗ ಹರಡಿತು. ಕುಡಿತ, ಜೂಜು, ಪಿಸ್ತೂಲು. ‘ಬೋಡಿಯ ಕೆಟ್ಟ ಮನುಷ್ಯ’ ಎಂಬುದು ಪಶ್ಚಿಮದ ಪತ್ರಿಕೆಗಳಲ್ಲಿ ಒಂದು ನುಡಿಗಟ್ಟೇ ಆಗಿಹೋಯಿತು. ಸಂಸಾರ ಸಮೇತ ಬೋಡಿಗೆ ಹೊರಟ ಮನೆಯ ಪುಟ್ಟ ಹುಡುಗಿ ‘ಗುಡ್‌ಬೈ ಗಾಡ್, ನಾವು ಬೋಡಿಗೆ ಹೊರಟೆವು’ ಎಂದಳಂತೆ. ದೇವರು ಅಲ್ಲಿಗೆಲ್ಲ ಬರುವುದಿಲ್ಲ ಎಂದು ಅವಳ ಲೆಕ್ಕ. ಇದು ಊರೂರು ಸುತ್ತಿ ಬೋಡಿಗೆ ಬಂದಾಗ ಅಲ್ಲಿಯ ಪತ್ರಿಕೆಯವರು ತಕರಾರು ತೆಗೆದರು: ಹುಡುಗಿ ಹೇಳಿದ್ದು ಹಾಗಲ್ಲ, ಅಲ್ಪವಿರಾಮ ತಪ್ಪಿದೆ. ಅವಳು ಹೇಳಿದ್ದು ‘ಗುಡ್, ಬೈ ಗಾಡ್, ನಾವು ಬೋಡಿಗೆ ಹೊರಟೆವು’ ಎಂದು. ಅಂದರೆ, ಭೇಷ್, ದೇವರಾಣೆ! ಕಥೆ ನಿಜವೋ ಅಲ್ಲವೋ, ತಮ್ಮೂರಿನ ಮಾನವನ್ನು ಒಂದು ಅಲ್ಪವಿರಾಮದಲ್ಲಿ ಉಳಿಸಿಕೊಳ್ಳಲು ಹೊರಟ ಸಂಪಾದಕರ ಜಾಣತನಕ್ಕೆ ಮೆಚ್ಚಬೇಕು.

ಎಲ್ಲವೂ ನಗೆಯ ಮಾತಾಗಿರಲಿಲ್ಲ. 1881ರ ಜನವರಿಯಲ್ಲಿ ಗಣಿ ಕಾರ್ಮಿಕರ ಸಂಘದ ಹಾಲಿನಲ್ಲಿ ನಡೆದ ನೃತ್ಯಕೂಟದಿಂದ ಹೊರಬಂದ ಥಾಮಸ್ ಟ್ರೆಲೋರ್ ಎಂಬಾತನನ್ನು ಜೋಸೆಫ್ ಡಿರೋಶ್ ಎಂಬವನು ಗುಂಡಿಟ್ಟು ಕೊಂದ. ಟ್ರೆಲೋರನ ಹೆಂಡತಿ ಆ ರಾತ್ರಿ ಡಿರೋಶ್ ಜೊತೆ ನರ್ತಿಸಿದ್ದೇ ಜಗಳದ ಮೂಲ. ‘601’ ಎಂದು ಕರೆದುಕೊಂಡ ಗುಂಪೊಂದು ವಿಚಾರಣೆಯ ಗೊಡವೆಗೆ ಹೋಗದೆ ಕೊಲೆಗಾರನನ್ನು ಜೈಲಿನಿಂದ ಎಳೆತಂದು ನೇಣು ಹಾಕಿತು. ಅದೇ ಸಂಘದ ಹಾಲು ಈಗ ಬೋಡಿಯ ಮ್ಯೂಸಿಯಂ. ಬಂದವರೆಲ್ಲ ಮೊದಲು ಹೊಗುವ ಬಾಗಿಲು ಅದು.

ಇಷ್ಟೆಲ್ಲ ಮರದ ಮನೆ ಕಟ್ಟಿದ ಊರಿನ ಸುತ್ತ ಒಂದು ಮರವೂ ಇಲ್ಲ ಎಂಬುದು ಅಲ್ಲಿ ನಿಂತಾಗ ತಡವಾಗಿ ಹೊಳೆಯುವ ಸಂಗತಿ. ಗೋಡೆಗೆ ಹಲಗೆ, ಗಣಿಯೊಳಗೆ ಆಸರೆ ಕಂಬ, ಉಗಿಯಂತ್ರಕ್ಕೆ ಸೌದೆ, ಚಳಿಗೆ ಒಲೆ ಎಲ್ಲಕ್ಕೂ ಮರ ಹೊರಗಿನಿಂದ ಬರಬೇಕು. ಸುತ್ತಲ ಬೆಟ್ಟಗಳ ಪಿನ್ಯನ್ ಪೈನ್ ಮರಗಳು ಮೊದಲು ಕೊಡಲಿಗೆ ಬಿದ್ದವು. ಆ ಮರದ ಬೀಜವನ್ನು ಚಳಿಗಾಲದ ಆಹಾರವಾಗಿ ಕೂಡಿಡುತ್ತಿದ್ದ ಮೋನೊ ಕೆರೆಯ ಪೈಯೂಟ್ ಜನರಿಗೆ ಇದು ಹೊಟ್ಟೆಯ ಮೇಲೆ ಬಿದ್ದ ಏಟು. ಆಮೇಲೆ ಮೋನೊ ಕೆರೆಯ ದಕ್ಷಿಣದ ಕಾಡಿನಲ್ಲಿ ಮರ ಕೊಯ್ಯುವ ಮಿಲ್ಲು ಎದ್ದು, ಅಲ್ಲಿಂದ ಬೋಡಿಗೆ 32 ಮೈಲಿಯ ನ್ಯಾರೋಗೇಜ್ ರೈಲುದಾರಿ 1881ರಲ್ಲಿ ಮುಗಿಯಿತು. ಬೇರೆ ಯಾವ ರೈಲಿಗೂ ಕೂಡಿಕೊಳ್ಳದ, ಕಾಡಿನಿಂದ ಗಣಿಗೆ ಸೌದೆ ಹೊರುವುದಕ್ಕೇ ಇದ್ದ ರೈಲು ಅದು.

ಆ ದಾರಿಗೆ ಹಳಿ ಹಾಕಲು ಚೀನೀ ಕೂಲಿಗಳನ್ನು ತಂದರೆಂದು ತಿಳಿದು ಊರಿನ ಬಿಳಿಯ ಕೆಲಸಗಾರರ ಗುಂಪು ಹೊಡೆದೋಡಿಸಲು ಹೊರಟಿತು. ರೈಲು ಕಂಪನಿ ಚೀನೀಯರನ್ನು ಮೋನೊ ಕೆರೆಯ ನಡುಗಡ್ಡೆಗೆ ಸಾಗಿಸಿ ಕಾಪಾಡಿತು. ವಿಚಿತ್ರವೆಂದರೆ ಅದೇ ಕೆಲಸಗಾರರ ಬಟ್ಟೆ ಒಗೆಯುತ್ತಿದ್ದವರು, ಅವರಿಗೆ ತರಕಾರಿ ಮಾರುತ್ತಿದ್ದವರು, ಸೌದೆ ತಂದುಹಾಕುತ್ತಿದ್ದವರು ಬೋಡಿಯ ಕಿಂಗ್ ಬೀದಿಯ ಚೀನೀಯರೇ. ಅಲ್ಲಿ ಅವರ ದೇವಸ್ಥಾನವೂ ಇತ್ತು. ಈಗ ಆ ಬೀದಿ ಬರೀ ಹುಲ್ಲು.

ರೈಲು ಬಂದದ್ದು ಹೊತ್ತು ಮೀರಿದ ಮೇಲೆ. 1881, 82ರಲ್ಲಿ ಒಂದಾದ ಮೇಲೊಂದು ಗಣಿಯಲ್ಲಿ ಅದಿರು ತೆಳುವಾಯಿತು, ಷೇರು ಬಿತ್ತು. ಬಂದಷ್ಟೇ ಬೇಗ ಜನ ಎದ್ದುಹೋದರು. ಅರಿಜೋನಾದ ಟೂಂಬ್‌ಸ್ಟೋನ್, ಮೊಂಟಾನಾದ ಬ್ಯೂಟ್ ಎಂದು ಹೊಸ ಹೆಸರುಗಳು ಕೇಳಿಬರುತ್ತಿದ್ದವು. ಬೋಡಿಯ ನಿಜವಾದ ಭರಾಟೆ ಹೆಚ್ಚೆಂದರೆ ನಾಲ್ಕೈದು ವರ್ಷ. ಮೆಥಡಿಸ್ಟ್ ಚರ್ಚು ಕಟ್ಟಿದ್ದು 1882ರಲ್ಲಿ. ಅಷ್ಟರಲ್ಲಿ ಪಾಪ ಮಾಡುವ ಜನವೆಲ್ಲ ಗಂಟುಮೂಟೆ ಕಟ್ಟುತ್ತಿದ್ದರು. ಆ ಚರ್ಚಿನ ವೇದಿಕೆಯ ಹಿಂದೆ ಎಣ್ಣೆಬಟ್ಟೆಯ ಮೇಲೆ ಬೈಬಲಿನ ಹತ್ತು ಕಟ್ಟಳೆಗಳನ್ನು ಬರೆದು ತೂಗುಹಾಕಿದ್ದರು. ಅದನ್ನು ಯಾರೋ ಕದ್ದೊಯ್ದರು. ಕದಿಯಬೇಡ ಎಂಬ ಕಟ್ಟಳೆಯೂ ಅದರ ಜೊತೆಗೇ ಹೋಯಿತು.

ಆದರೆ ಬೋಡಿ ಅಲ್ಲಿಗೇ ಸಾಯಲಿಲ್ಲ. ಇದರ ಬಹುಕಾಲದ ಬಾಳು ಭರಾಟೆಯ ನಂತರದ್ದು, ಉಳಿದ ಕಂಪನಿಯೊಂದು ಖರ್ಚು ತಗ್ಗಿಸಲು ತಲೆ ಓಡಿಸುತ್ತ ಹೋದ ಕಾಲದ್ದು. ಉಗಿಯಂತ್ರಕ್ಕೆ ಸುಡುವ ಸೌದೆಯೇ ಲಾಭವನ್ನೆಲ್ಲ ನುಂಗುತ್ತಿತ್ತು. ಸ್ಟ್ಯಾಂಡರ್ಡ್ ಕಂಪನಿಯ ಮೇಲ್ವಿಚಾರಕ ಥಾಮಸ್ ಲೆಗೆಟ್ 1892ರಲ್ಲಿ ಒಂದು ಸಾಹಸಕ್ಕೆ ಕೈಹಾಕಿದ. 13 ಮೈಲಿ ದೂರದ ಗ್ರೀನ್ ಕ್ರೀಕ್ ತೊರೆಯ ನೀರಿನಿಂದ ವಿದ್ಯುತ್ ತೆಗೆದು, ತಂತಿಯ ಮೂಲಕ ಮಿಲ್ಲಿಗೆ ತರುವುದು. ಅಷ್ಟು ದೂರದ ಕರೆಂಟಿನಿಂದ ಗಿರಣಿ ಓಡಿಸಿದ ಉದಾಹರಣೆ ಆಗ ಜಗತ್ತಿನಲ್ಲಿ ಇನ್ನೂ ವಿರಳ. ತಂತಿಯನ್ನು ಬಾಗದಂತೆ, ತಿರುಗದಂತೆ ನೆಟ್ಟಗೆ ಎಳೆದರಂತೆ. ತಿರುವಿನಲ್ಲಿ ವಿದ್ಯುತ್ತು ಜಿಗಿದು ನೆಲಕ್ಕೆ ಬಿದ್ದೀತೆಂಬ ಹೆದರಿಕೆ. ಈಗಲೂ ಹೇಳಿ ನಗುವ ಕಥೆ ಅದು. ಒನಕೆಗಳು ಮಾತ್ರ ತಿರುಗಿ ಕುಟ್ಟತೊಡಗಿದವು.

ಇದಾಗಿ ಹತ್ತು ವರ್ಷಕ್ಕೆ, 1902ರ ಜೂನ್ ಕೊನೆಗೆ, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ದೂರ 92 ಮೈಲಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲು ಬೆಳಕು ಕಂಡದ್ದು ಗಣಿ. ಹೊಟ್ಟೆಬಾಕ ಉಗಿಯಂತ್ರ, ದೂರದ ಸೌದೆ ಮತ್ತು ಕಲ್ಲಿದ್ದಲು, ಹತ್ತಿರದಲ್ಲೆಲ್ಲೂ ಇಲ್ಲದ ನೀರು: ಎರಡು ಕಡೆಯೂ ಕಾಯಿಲೆ ಒಂದೇ, ಮದ್ದೂ ಒಂದೇ. ಜನರ ನಂಟೂ ಸ್ವಲ್ಪ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳು ಬತ್ತಿದಾಗ ಅಲ್ಲಿಯ ಕಸಬುದಾರರು ಜಗತ್ತಿನ ಗಣಿಗಳಿಗೆಲ್ಲ ಚದುರಿಹೋದರು. ಕ್ಯಾಲಿಫೋರ್ನಿಯಾದ ಬೆಣಚುಕಲ್ಲಿನ ಗಣಿಗಳಲ್ಲೂ ಅವರೇ, 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಬಂದ ಕೋಲಾರದಲ್ಲೂ ಅವರೇ. ಅದಕ್ಕೂ ಮುಂಚೆ, 1870ರ ದಶಕದಲ್ಲಿ, ಕೋಲಾರದಲ್ಲಿ ಗಣಿ ತೆಗೆಯಲು ಮೈಸೂರು ಸರ್ಕಾರದ ಪರವಾನಗಿ ಕೇಳಿದ ಐರಿಷ್ ಸೈನಿಕ ಲವೆಲ್‌ಗೆ ಚಿನ್ನದ ಗೀಳು ಹತ್ತಿದ್ದು ನ್ಯೂಜಿಲೆಂಡಿನಲ್ಲಿ.

ಬೋಡಿಯ ಎರಡನೆಯ ಮದ್ದು ಸೈನೈಡ್. 1890ರ ದಶಕದಲ್ಲಿ ಬಂದ ಈ ವಿಧಾನದಿಂದ, ಹಿಂದೆ ಕುಟ್ಟಿ ಎಸೆದ ಪುಡಿಮಣ್ಣಿನ ದಿಬ್ಬದಿಂದಲೂ ಚಿನ್ನ ತೊಳೆದು ತೆಗೆಯಬಹುದಾಯಿತು. ಅಜ್ಜಂದಿರ ಕಸ ಮೊಮ್ಮಕ್ಕಳ ಕೂಲಿಯಾಯಿತು. ಹೀಗೆ ಏಳುತ್ತ ಬೀಳುತ್ತ ಊರು ನಡೆಯಿತು. ಸ್ಟ್ಯಾಂಡರ್ಡ್ ಮಿಲ್ 1898ರಲ್ಲಿ ಸುಟ್ಟು ಮರುವರ್ಷ ಮತ್ತೆ ಎದ್ದಿತು. 1910ರ ಜನಗಣತಿಯಲ್ಲಿ 698 ಮಂದಿ; 1920ರಲ್ಲಿ 120. ನಡುವೆ 1917ರಲ್ಲಿ ರೈಲಿನ ಹಳಿಗಳನ್ನು ಕಿತ್ತರು. ಬೋಡಿಯ ನೆಲದಿಂದ ಒಟ್ಟು ಹೊರಟ ಚಿನ್ನ ಬೆಳ್ಳಿಯ ಬೆಲೆ ಆ ಕಾಲದ ದರದಲ್ಲಿ ಸುಮಾರು 3 ಕೋಟಿ 40 ಲಕ್ಷ ಡಾಲರ್ ಎಂದು ಒಂದು ಅಂದಾಜು.

ಊರನ್ನು ತಿಂದದ್ದು ಬೆಂಕಿ. 1892ರಲ್ಲಿ ಒಮ್ಮೆ ಪೇಟೆಬೀದಿಯ ದೊಡ್ಡ ಭಾಗ ಉರಿದಿತ್ತು. 1932ರ ಜೂನಿನಲ್ಲಿ ಎರಡೂವರೆ ವರ್ಷದ ಮಗುವೊಂದು ಬೆಂಕಿಕಡ್ಡಿ ಗೀರಿ ಆಡುತ್ತ ಹಚ್ಚಿದ ಕಿಚ್ಚು ಉಳಿದ ಪೇಟೆಯನ್ನೂ ಬಹುಪಾಲು ಬೂದಿ ಮಾಡಿತು. ನೀರಿನ ಕೊಳವೆಯಲ್ಲಿ ಮಣ್ಣು ಕಲ್ಲು ಸಿಕ್ಕಿಕೊಂಡು ನೀರು ಬರಲಿಲ್ಲ. ಬ್ಯಾಂಕಿನ ಮರದ ಕಟ್ಟಡ ಉರಿದುಹೋಗಿ ಇಟ್ಟಿಗೆಯ ತಿಜೋರಿ ಕೋಣೆ ಮಾತ್ರ ಉಳಿಯಿತು. ಇಂದೂ ಅದು ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಯುದ್ಧಕ್ಕೆ ಬೇಡದ ಚಿನ್ನದ ಗಣಿಗಳನ್ನು ಮುಚ್ಚುವಂತೆ ಅಮೆರಿಕ ಸರ್ಕಾರ ಆಜ್ಞೆ ಹೊರಡಿಸಿತು. ಆ ವರ್ಷವೇ ಬೋಡಿಯ ಅಂಚೆ ಕಚೇರಿಗೂ ಬೀಗ ಬಿತ್ತು.

ಹಾಗಾದರೆ ಇಂದು ಜನ ನೋಡಲು ಬರುವ ಬೋಡಿ ಯಾವುದು? ಎರಡು ಸಾವಿರ ಕಟ್ಟಡಗಳ ಊರಿನಲ್ಲಿ ಈಗ ನಿಂತಿರುವುದು ಸುಮಾರು 110, ನೂರಕ್ಕೆ ಐದು. ಅವುಗಳೊಳಗಿನ ಸಾಮಾನು ಬಹುಪಾಲು ಕೊನೆಯ ದಶಕಗಳದ್ದು. ಅಂಗಡಿ ಎದುರು ತುಕ್ಕು ಹಿಡಿದ ಪೆಟ್ರೋಲ್ ಪಂಪಿದೆ. ಗೋಲ್ಡ್ ರಶ್ ಊರೆಂದು ಕ್ಯಾಲಿಫೋರ್ನಿಯಾ ಸರ್ಕಾರ 2002ರಲ್ಲಿ ಅಧಿಕೃತ ಪಟ್ಟ ಕೊಟ್ಟಿದೆ, ಸರಿ. ಆದರೆ ಕಿಟಕಿಯಾಚೆ ಕಾಣುವುದು ಬಂದವರ ಸಡಗರವಲ್ಲ, ಹೋದವರು ಬಿಟ್ಟದ್ದು. ಮಂಚವನ್ನು, ಪಿಯಾನೊವನ್ನು, ಶಾಲೆಯ ಬೆಂಚನ್ನು ಗುಡ್ಡ ಇಳಿಸಿ ಸಾಗಿಸುವ ಬಾಡಿಗೆ ಅವುಗಳ ಬೆಲೆಗಿಂತ ಹೆಚ್ಚು. ಹಾಗಾಗಿ ಕೈಲಾದಷ್ಟು ಹೊತ್ತುಕೊಂಡು ಉಳಿದದ್ದನ್ನು ಇದ್ದಲ್ಲೇ ಬಿಟ್ಟರು. ಬಡತನ ಮತ್ತು ದೂರ, ಇವೆರಡೇ ಈ ಮ್ಯೂಸಿಯಮ್ಮಿನ ಮೊದಲ ಕ್ಯುರೇಟರುಗಳು.

ಮೂರನೆಯದು ಒಂದು ಮನೆತನ. ಜೇಮ್ಸ್ ಕೇನ್ ಎಂಬ ಯುವಕ 1879ರಲ್ಲಿ ಬೋಡಿಗೆ ಬಂದು ಮರದ ವ್ಯಾಪಾರದಿಂದ ಶುರುಮಾಡಿ ಬ್ಯಾಂಕಿನ ಒಡೆಯನಾದವನು. ಗುತ್ತಿಗೆ ಹಿಡಿದ ಗಣಿಯ ತುಂಡಿನಿಂದ 90 ದಿನಕ್ಕೆ 90,000 ಡಾಲರ್ ತೆಗೆದ ಎಂದು ಅವನ ಬಗ್ಗೆ ದಂತಕಥೆ. ಜನ ಊರು ಬಿಟ್ಟಂತೆಲ್ಲ ಅವನು ಮನೆ ನಿವೇಶನ ಕೊಳ್ಳುತ್ತ ಹೋದ. ಮತ್ತೆ ಒಳ್ಳೆಯ ಕಾಲ ಬಂದೀತೆಂದು ಕೊನೆಯವರೆಗೆ ನಂಬಿದ್ದ. ಒಳ್ಳೆಯ ಕಾಲ ಬರಲಿಲ್ಲ, ಊರು ಕೈಯಲ್ಲಿ ಉಳಿಯಿತು. ಬೀಗ ಒಡೆದು ಸಾಮಾನು ಹೊತ್ತೊಯ್ಯುವವರ ಕಾಟ ಹೆಚ್ಚಿದಾಗ ಕೇನ್ ಕುಟುಂಬ ಕಾವಲುಗಾರರನ್ನು ಇಟ್ಟಿತು. 1962ರಲ್ಲಿ ರಾಜ್ಯ ಸರ್ಕಾರ ಊರನ್ನು ಕೊಂಡು ಐತಿಹಾಸಿಕ ಉದ್ಯಾನವೆಂದು ಘೋಷಿಸಿತು.

ಆಗ ಎದ್ದ ಪ್ರಶ್ನೆ: ಇದನ್ನು ಏನು ಮಾಡುವುದು? ಕಣ್ಣೆದುರು ಬೇರೆ ಮಾದರಿಯಿತ್ತು. ಸಿಯೆರಾದ ಆಚೆಬದಿಯ ಕೊಲಂಬಿಯಾ ಎಂಬ ಗೋಲ್ಡ್ ರಶ್ ಊರು 1945ರಲ್ಲೇ ರಾಜ್ಯ ಉದ್ಯಾನವಾಗಿತ್ತು. ಅಲ್ಲಿ ಇಟ್ಟಿಗೆ ಕಟ್ಟಡಗಳನ್ನು ದುರಸ್ತಿ ಮಾಡಿ, ಹಳೆಯ ಉಡುಪಿನ ವ್ಯಾಪಾರಿಗಳನ್ನು ಕೂರಿಸಿ, ಕುದುರೆಗಾಡಿ ಓಡಿಸಿ, ಮಕ್ಕಳಿಗೆ ಬಾಣಲೆ ಕೊಟ್ಟು ಚಿನ್ನ ಹುಡುಕಿಸುತ್ತಾರೆ. ಆಸ್ಟ್ರೇಲಿಯಾದ ಬ್ಯಾಲರಟ್‌ನಲ್ಲಿ 1970ರಲ್ಲಿ ತೆರೆದ ಸಾವರಿನ್ ಹಿಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಪೇಟೆಯನ್ನೇ ಹೊಸದಾಗಿ ಕಟ್ಟಿಕೊಂಡಿತು. ಎರಡೂ ಕಡೆ ಗೌಜು, ಬೇಕರಿಯ ವಾಸನೆ, ನಗು. ಬೋಡಿಯವರು ಆರಿಸಿಕೊಂಡದ್ದು ಮೂರನೆಯ ದಾರಿ. ‘ತಡೆಹಿಡಿದ ಶಿಥಿಲತೆ’ ಎಂದು ಅದಕ್ಕೆ ಅವರಿಟ್ಟ ಹೆಸರು. ಸರ್ಕಾರದ ಕೈಗೆ ಬಂದಾಗ ಪ್ರತಿ ಕಟ್ಟಡ ಎಷ್ಟು ಹಾಳಾಗಿತ್ತೋ ಅಷ್ಟೇ ಹಾಳಾಗಿ ಉಳಿಯಬೇಕು. ಹೆಚ್ಚು ಹಾಳಾಗಬಾರದು, ಕಡಿಮೆಯೂ ಆಗಬಾರದು.

ಕೇಳಲು ಸುಲಭ, ಮಾಡಲು ಕಠಿಣ. ಸ್ವೇಜಿ ಹೋಟೆಲ್ ಎಂಬ ಕಟ್ಟಡವನ್ನೇ ನೋಡಿ. ಕುಡಿದವನ ಹಾಗೆ ಅದು ಪಕ್ಕಕ್ಕೆ ವಾಲಿದೆ. ಬಗಲಿಗೆ ಮರದ ಊರುಗೋಲು ಕೊಟ್ಟಿದ್ದಾರೆ. ನೆಟ್ಟಗೆ ಮಾಡಿದರೆ ಅದು ಸುಳ್ಳು, ಬಿಟ್ಟರೆ ಬೀಳುತ್ತದೆ. ಆದ್ದರಿಂದ ಬಡಗಿಗಳು ಅದರ ವಾಲುವಿಕೆಯನ್ನೇ ಕಾಪಾಡುತ್ತಾರೆ. ಚಾವಣಿ ಸೋರಿದರೆ ಹೊಸ ಹಲಗೆ ಚೂರು ಹೊದಿಸುತ್ತಾರೆ, ಅಡಿಪಾಯ ಕೊಳೆತರೆ ಕೆಳಗೆ ತೂರಿ ಗಟ್ಟಿ ಮಾಡುತ್ತಾರೆ, ಕಿಟಕಿಗಾಜು ಒಡೆದರೆ ಬದಲಿಸುತ್ತಾರೆ; ಒಳಗಿನ ಹರಿದ ಗೋಡೆಕಾಗದವನ್ನು ಮುಟ್ಟುವುದಿಲ್ಲ. ಗಾಳಿ ಹೊಗದಂತೆ ಹಿಂದಿನವರು ಡಬ್ಬಿ ಚಪ್ಪಟೆ ಮಾಡಿ ಬಡಿದ ತಗಡನ್ನು ತೆಗೆಯುವುದಿಲ್ಲ. ಕೆಲಸ ಮುಗಿದಾಗ ಕೆಲಸವಾದದ್ದು ಗೊತ್ತಾಗದಿದ್ದರೆ ಅದೇ ಕೈಚಳಕ. ಒಣಹವೆಯ ಪುಣ್ಯ, ಮರ ನಮ್ಮ ಮಲೆನಾಡಿನಂತೆ ಕೊಳೆಯುವುದಿಲ್ಲ. ಆದರೆ ಚಳಿಗಾಲದ ಹಿಮದ ಭಾರ, ಬಿರುಗಾಳಿ, ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿಯ ಭಯ ಇದ್ದೇ ಇದೆ. ರಸ್ತೆ ಮುಚ್ಚುವ ತಿಂಗಳುಗಳಲ್ಲೂ ಕೆಲವು ಸಿಬ್ಬಂದಿ ಹಳೆಯ ಮನೆಗಳಲ್ಲೇ ವಾಸ ಮಾಡುತ್ತಾರೆ. ಆ ಕೆಲವು ಕಿಟಕಿಗಳಲ್ಲಿ ಮಾತ್ರ ಪರದೆ ಸ್ವಚ್ಛವಾಗಿರುತ್ತದೆ.

ಈ ವಿಧಾನವನ್ನು ಕೋಲಾರಕ್ಕೆ ತಂದು ಅಂಟಿಸಲಾಗದು. 2001ರ ಫೆಬ್ರುವರಿ 28ರಂದು ಅಲ್ಲಿಯ ಗಣಿ ಮುಚ್ಚಿದಾಗ ಊರು ಖಾಲಿಯಾಗಲಿಲ್ಲ. ಶಾಫ್ಟಿನ ಚಕ್ರ ನಿಂತರೂ, ಸೈನೈಡ್ ದಿಬ್ಬದ ದೂಳು ಕಣ್ಣಿಗೆ ಹೊಡೆದರೂ ಗಣಿಯವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಬೆಳಕು ಹರಿಯುವ ಮುನ್ನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಜನರಿರುವ ಊರಿನ ಶಿಥಿಲತೆಯನ್ನು ತಡೆಹಿಡಿದು ಪ್ರದರ್ಶನಕ್ಕಿಡುವುದು ಹೇಗೆ? ಬೋಡಿಯಲ್ಲಿ ಆ ಇಕ್ಕಟ್ಟಿಲ್ಲ. ಕೇಳುವವರು ಯಾರೂ ಉಳಿದಿಲ್ಲ.

ಬೋಡಿಯ ಇನ್ನೊಬ್ಬ ಕಾವಲುಗಾರ ಕಣ್ಣಿಗೆ ಕಾಣದವನು. ಇಲ್ಲಿಂದ ಏನನ್ನಾದರೂ ಎತ್ತಿಕೊಂಡು ಹೋದವರಿಗೆ ಶಾಪ ತಟ್ಟುತ್ತದೆ ಎಂಬ ಮಾತಿದೆ. ಕಳ್ಳತನ ತಡೆಯಲು ರೇಂಜರುಗಳೇ ಹಬ್ಬಿಸಿದ್ದೆಂದು ಹೇಳುತ್ತಾರೆ. ಯಾರು ಹಬ್ಬಿಸಿದ್ದಾದರೂ ಅದು ಕೆಲಸ ಮಾಡಿದೆ. ತುಕ್ಕು ಹಿಡಿದ ಮೊಳೆ, ಗಾಜಿನ ಚೂರು, ಹಳೆಯ ಬೂಟು ಅಂಚೆಯಲ್ಲಿ ವಾಪಸು ಬರುತ್ತವೆ. ಜೊತೆಗೆ ತಪ್ಪೊಪ್ಪಿಗೆ ಕಾಗದ. ಮನೆಗೆ ಬಂದ ಮೇಲೆ ಕಾರು ಅಪಘಾತವಾಯಿತು, ಕೆಲಸ ಹೋಯಿತು, ಕಾಯಿಲೆ ಬಿಡುತ್ತಿಲ್ಲ, ದಯವಿಟ್ಟು ಕ್ಷಮಿಸಿ ಎಂಬ ಧಾಟಿ. ಅಂಥ ಕಾಗದಗಳನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ, ನಿಂತು ಓದಬಹುದು. ಬಂದ ಮೊಳೆಯನ್ನು ತಿರುಗಿ ಬಡಿಯುವುದು ಮಾತ್ರ ಆಗದ ಕೆಲಸ. ಅದು ಯಾವ ಗೋಡೆಯದೆಂದು ಕದ್ದವನಿಗೂ ನೆನಪಿರುವುದಿಲ್ಲ.

ಊರಿನ ಪಕ್ಕದ ದಿಣ್ಣೆಯ ಮೇಲೆ ಸ್ಮಶಾನ. ಬೇಲಿಯೊಳಗೆ ಮರ್ಯಾದಸ್ಥರು, ಬೇಲಿಯ ಹೊರಗೆ ಮಿಕ್ಕವರು. ರೋಸಾ ಮೇ ಎಂಬ ವೇಶ್ಯೆಯ ಗೋರಿ ಹೊರಗಿದೆ; ಕಾಯಿಲೆ ಬಿದ್ದ ಗಣಿ ಕೆಲಸಗಾರರ ಶುಶ್ರೂಷೆ ಮಾಡುತ್ತ ತಾನೇ ಸತ್ತಳೆಂದು ಕಥೆ. ಲಾಟಿ ಜೋಲ್ ಎಂಬಾಕೆಯೂ ಅದೇ ಓಣಿಯವಳು, ಕಟುಕ ಈಲೈ ಜೋಲ್‌ನನ್ನು ಮದುವೆಯಾಗಿ ಗೃಹಿಣಿಯಾದಳು. ಊರಿನ ಹೆಂಗಸರು ಅವಳ ಮನೆಯ ಹೊಸಿಲು ತುಳಿಯಲಿಲ್ಲ. ಔಷಧದ ಎಡವಟ್ಟಿನಿಂದ ಅವಳು ಸತ್ತಾಗ ಎಲ್ಲಿ ಹೂಳಬೇಕೆಂದು ಊರಿನಲ್ಲಿ ವಾದವೆದ್ದು, ಕೊನೆಗೆ ಬೇಲಿಯೊಳಗೇ, ಅಂಚಿನಲ್ಲಿ ಜಾಗ ಸಿಕ್ಕಿತು. ಅವಳಿದ್ದ ಮನೆ ಇನ್ನೂ ನಿಂತಿದೆ.

ಬೋಡಿ ಎಂಬ ಮನುಷ್ಯನ ವಿಚಾರಕ್ಕೆ ಬಂದರೆ, 1879ರಲ್ಲಿ ಊರು ಉತ್ತುಂಗದಲ್ಲಿದ್ದಾಗ ಜನಕ್ಕೆ ಹೆಸರಿನ ಮೂಲಪುರುಷನ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಹೂತ ಅವನ ಮೂಳೆಗಳನ್ನು ಹುಡುಕಿ ತೆಗೆದು, ಮೆರವಣಿಗೆ ಭಾಷಣಗಳೊಂದಿಗೆ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಿದರು. ಚಂದಾ ಎತ್ತಿ ಗ್ರಾನೈಟಿನ ಸ್ಮಾರಕಕ್ಕೂ ಹೇಳಿದರು. ಕಲ್ಲಿನ ಕೆಲಸ ಮುಗಿಯುವ ಹೊತ್ತಿಗೆ, 1881ರಲ್ಲಿ, ಅಧ್ಯಕ್ಷ ಗಾರ್‌ಫೀಲ್ಡ್ ಹಂತಕನ ಗುಂಡಿಗೆ ಬಲಿಯಾದರು. ಊರಿನ ದುಃಖ ಆ ಕಡೆ ಹರಿಯಿತು, ಕಲ್ಲು ಸಿದ್ಧವಿತ್ತು. ಸ್ಮಶಾನದಲ್ಲಿ ಈಗಲೂ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವುದು ಅದೇ ಕಲ್ಲು. ಮೇಲೆ ಕೆತ್ತಿರುವುದು ಗಾರ್‌ಫೀಲ್ಡ್ ಹೆಸರು.